ತೆರೆದ ಕಾರಿನಲ್ಲಿ ಕೇಳಿಸದ್ದು

ಅವಲಪಲ್ಲಿ, ಹೊಸೂರು
೧೬ ಜನವರಿ ೨೦೨೪

ಪ್ರೀತಿಯ ಕುಮಾರ,

ಕಾರು ಬಂತು ಕಣ್ಲಾ! ಕೆಂಪು ಬಣ್ಣ, ಎರಡೇ ಸೀಟು, ಗುಂಡಿ ಒತ್ತಿದರೆ ಛಾವಣಿ ಮಡಚಿಕೊಂಡು ಹಿಂದಕ್ಕೆ ಹೋಗುತ್ತದೆ. ನಾವು ಹುಡುಗರಾಗಿದ್ದಾಗ ರಾಯಕೋಟೆ ರಸ್ತೆಯಲ್ಲಿ ಯಾರದೋ ಇಂಥ ಕಾರು ಕೆಟ್ಟು ನಿಂತಿತ್ತಲ್ಲ, ನಾನೂ ನೀನೂ ಉದ್ದನಪಲ್ಲಿವರೆಗೆ ತಳ್ಳಿದ್ದೆವಲ್ಲ, ಅಂಥದ್ದೇ. ಬೆಂಗಳೂರಿನ ಒಬ್ಬರು ಓಡಿಸಿ ಬೇಸರವಾಗಿ ಕೊಟ್ಟರು. ಕಾರ್ಖಾನೆಯಲ್ಲಿ ತಗಡು ಒತ್ತುವ ನಮ್ಮ ಪ್ರೆಸ್ ಶಾಪಿನ ಹುಡುಗರೆಲ್ಲ ಸುತ್ತ ನಿಂತು ಫೋಟೊ ತೆಗೆಸಿಕೊಂಡರು. ನಿನ್ನ ತಂಗಿ ಶಾಂತಿ ಆರತಿ ಎತ್ತಿ, ನಿಂಬೆಹಣ್ಣು ಇಟ್ಟು, "ಈ ವಯಸ್ಸಲ್ಲಿ ಯಾಕ್ ಬೇಕಿತ್ತು" ಅಂದಳು. ಆದರೆ ಹತ್ತಿ ಕೂತಳು.

ಒಂದೇ ಕೊರತೆ, ಸ್ಟೀರಿಯೋ. ಛಾವಣಿ ತೆಗೆದು ಕೃಷ್ಣಗಿರಿ ಕಡೆಗೆ ಹೊರಟರೆ ಹಾಡೇ ಕೇಳುವುದಿಲ್ಲ. ಗುಡುಗುಡು ಸದ್ದು ಮಾತ್ರ ಬರುತ್ತದೆ, ಮಾತು ಬರುವುದಿಲ್ಲ. ನಮ್ಮ ಆರ್ಕೆಸ್ಟ್ರಾದಲ್ಲಿ ಸೌಂಡ್ ಮಿಕ್ಸರ್ ಮುಂದೆ ಕೂರುತ್ತಿದ್ದವನು ನೀನು, ಈಗಲೂ ಆ ದೇಶದಲ್ಲಿ ಕಾರುಗಳಿಗೆ ಸ್ಪೀಕರ್ ಕೂರಿಸಿಕೊಂಡೇ ಇದ್ದೀಯ. ಏನು ಹಾಕಿಸಬೇಕು ಹೇಳು. ಶಾಂತಿ ಹಾಡಿದ ಆ ಹಳೇ ಕ್ಯಾಸೆಟ್ಟನ್ನು ನೀನು ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದೀಯಲ್ಲ, ಅದನ್ನು ತೆರೆದ ಕಾರಿನಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಬೇಕು. ಅದೊಂದು ಆಸೆ.

ಫೋನ್ ಮಾಡಬೇಡ. ಆ ಕಡೆಯ ಲೈನು ಸರಿಯಿಲ್ಲ, ನಿನ್ನ ಮಾತು ಅರ್ಧಂಬರ್ಧ ಬರುತ್ತದೆ. ಟೈಪ್ ಮಾಡಲು ನನ್ನ ಬೆರಳು ದಪ್ಪ. ಹೀಗೇ ಕಾಗದದಲ್ಲಿ ಬರೆದು ಫೋಟೊ ತೆಗೆದು ಕಳಿಸುತ್ತೇನೆ. ನೀನೂ ಹಾಗೇ ಮಾಡು.

ನಿನ್ನ ಬಾವ,
ಮುನಿರಾಜ್


ಮಸ್ಕತ್
೨೧ ಜನವರಿ ೨೦೨೪

ಬಾವ,

ಫೋಟೊ ನೋಡಿದೆ. ಕಾರಿಗಿಂತ ನಿನ್ನ ಹೊಟ್ಟೆಯೇ ಮುಂದೆ ಕಾಣುತ್ತಿದೆ. ಖುಷಿಯಾಯಿತು.

ತೆರೆದ ಕಾರಿನ ಕಥೆಯೇ ಹಾಗೆ. ಮುಚ್ಚಿದ ಕಾರಿನಲ್ಲಿ ಸದ್ದು ಒಳಗೇ ತಿರುಗುತ್ತದೆ, ತೆರೆದರೆ ಆಕಾಶದ ಪಾಲು. ಬರೀ ಜೋರು ಮಾಡಿದರೆ ಸಾಲದು. ಒಳ್ಳೆಯ ಆಂಪ್ಲಿಫಯರ್ ಒಂದು ಬೇಕು, ಬಾಗಿಲಿನ ಸ್ಪೀಕರ್ ಬದಲಾಯಿಸಬೇಕು, ಬಾಗಿಲಿನ ತಗಡು ನಡುಗದ ಹಾಗೆ ಒಳಗೆ ಶೀಟು ಅಂಟಿಸಬೇಕು. ಬಾಗಲೂರು ರಸ್ತೆಯಲ್ಲಿ ಮುನೀಂದ್ರ ಅಂಗಡಿ ಇಟ್ಟಿದ್ದಾನೆ, ನನ್ನ ಹತ್ತಿರ ಕೆಲಸ ಕಲಿತವನು. ಅವನ ಕೈಗೆ ಕೊಡು.

ಲೈನು ಇಲ್ಲಿ ಚೆನ್ನಾಗಿಯೇ ಇದೆ ಬಾವ. ಶಾಂತಿಯ ಜೊತೆ ಮಾತಾಡುವಾಗ ಏನೂ ತೊಂದರೆಯಿಲ್ಲ. ಅವ್ವ ಹೋದಾಗ ನಾನು ಬರಲಿಲ್ಲ ಅಂತ ನಿನಗೆ ಇನ್ನೂ ಬೇಸರವೇ? ರಜೆ ಕೊಡಲಿಲ್ಲ ಅಂತ ಆಗಲೇ ಹೇಳಿದ್ದೆ. ನನ್ನ ಅವ್ವನಿಗೆ ನೀನೇ ಮಗನಾಗಿ ನಿಂತೆ, ಅದನ್ನು ಮರೆತಿಲ್ಲ. ಕೋಪವಿದ್ದರೆ ಬೈದುಬಿಡು. ಮಾತು ಬಿಡಬೇಡ.

ಕುಮಾರೇಶ್


ಅವಲಪಲ್ಲಿ
೩ ಮಾರ್ಚ್ ೨೦೨೪

ಕುಮಾರ,

ಕೋಪವೂ ಇಲ್ಲ, ಏನೂ ಇಲ್ಲ. ಲೈನು ಸರಿಯಿಲ್ಲ ಅಂದರೆ ಸರಿಯಿಲ್ಲ, ಅಷ್ಟೇ.

ನೀನು ಹೇಳಿದ್ದೆಲ್ಲ ಹಾಕಿಸಿದೆ. ಸೀಟಿನ ಕೆಳಗೆ ಸಬ್‌ವೂಫರನ್ನೂ ಇಡಿಸಿದೆ. ಬೆನ್ನಿಗೆ ಗುದ್ದಿದ ಹಾಗೆ ಸದ್ದು ಬರುತ್ತದೆ, ಆದರೆ ಹಾಡಿನ ಮೇಲಿನ ಭಾಗವೇ ಇಲ್ಲ. ಶಾಂತಿಯ ದನಿ ಕಂಬಳಿಯೊಳಗಿಂದ ಬಂದ ಹಾಗಿದೆ. ಇನ್ನೂ ಜೋರು ಮಾಡು ಅಂದರೆ ಮುನೀಂದ್ರ ಕೈ ಮುಗಿದ. "ಅಣ್ಣಾ, ಇನ್ನೆಷ್ಟು ಜೋರು ಬೇಕು ನಿಂಗೆ? ಪಕ್ಕದ ಟೀ ಅಂಗ್ಡೀಲಿ ಲೋಟ ಕುಣೀತಾ ಐತೆ" ಅಂದ. ಅವನಿಗೆ ಕೆಲಸ ಸರಿಯಾಗಿ ಬರುವುದಿಲ್ಲ ಅಂತ ನನ್ನ ಅನುಮಾನ.

ಈಗಿನವರಿಗೆ ಯಾವುದರಲ್ಲೂ ಶ್ರದ್ಧೆಯಿಲ್ಲ. ಮೊನ್ನೆ ಶಾಪಿನಲ್ಲಿ ಸಾಮಾನು ಎತ್ತುವ ಫೋರ್ಕ್‌ಲಿಫ್ಟಿನವನು ಹಾರನ್ ಹೊಡೆಯದೆ ನನ್ನ ಹಿಂದಿನಿಂದ ಬಂದ. ನಮ್ಮ ಕೊಂಡಪ್ಪ ಅಂಗಿ ಹಿಡಿದು ಎಳೆಯದಿದ್ದರೆ ಕಾಲು ಹೋಗುತ್ತಿತ್ತು. ಬೈದರೆ, "ಹಾರನ್ ಹೊಡೀತಾನೇ ಬಂದೆ ಸಾರ್" ಅಂತ ಸುಳ್ಳು ಹೇಳುತ್ತಾನೆ.

ಶಾಂತಿ ಚೆನ್ನಾಗಿದ್ದಾಳೆ. ಮೊದಲಿನ ಹಾಗೆ ಮಾತಿಲ್ಲ. ಆಡಿದರೂ ಬಾಯೊಳಗೇ. ಮಗಳು ಶ್ಯಾಮಲಾ ಓದಲು ಸೇಲಂಗೆ ಹೋದ ಮೇಲೆ ಮನೆ ಪೂರ್ತಿ ತಣ್ಣಗಾಗಿದೆ. ವಯಸ್ಸಾಗುತ್ತ ಹೆಂಗಸರು ಹೀಗೇ ಆಗುತ್ತಾರೇನೋ.

ಮುನಿರಾಜ್


ಮಸ್ಕತ್
೧೯ ಮಾರ್ಚ್ ೨೦೨೪

ಬಾವ,

ಮುನೀಂದ್ರ ಕೆಲಸ ಬಲ್ಲವನು. ಆದರೂ ನಿನಗೆ ಸಮಾಧಾನವಿಲ್ಲವೆಂದರೆ ಟ್ವೀಟರ್ ಬದಲಾಯಿಸಿ ನೋಡೋಣ. ತಾಳ, ಕೊಳಲು, ಮಾತಿನ ಚೂಪು, ಇವೆಲ್ಲ ಬರುವುದು ಆ ಪುಟ್ಟ ಸ್ಪೀಕರಿನಿಂದ. ನಮ್ಮ ಅಂಗಡಿಯಲ್ಲಿ ಒಳ್ಳೆಯ ಜೊತೆಯೊಂದು ಬಂದಿದೆ. ಶೂಲಗಿರಿಯವನೊಬ್ಬ ರಜೆಗೆ ಬರುತ್ತಿದ್ದಾನೆ, ಅವನ ಕೈಲಿ ಕಳಿಸುತ್ತೇನೆ. ಮುಂದಿನ ಗಾಜಿನ ಎರಡೂ ಪಕ್ಕದ ಕಂಬಕ್ಕೆ, ನಿನ್ನ ಕಿವಿಗೆ ನೇರ ಬರುವಂತೆ ಕೂರಿಸಲು ಹೇಳು.

ಶಾಂತಿ ಚೆನ್ನಾಗಿದ್ದಾಳೆ ಅಂತ ಬರೆದಿದ್ದೀಯ. ನಿನಗೆ ಹಾಗೆ ಕಾಣುತ್ತಿದ್ದರೆ ಸರಿ. ಅವಳು ಯಾವತ್ತೂ ಬಾಯೊಳಗೆ ಮಾತಾಡಿದವಳಲ್ಲ. ಸಾವಿರ ಜನರ ಮುಂದೆ ಹಾಡಿದವಳು.

ಒಮ್ಮೆ ಫೋನ್ ಎತ್ತು ಬಾವ. ನಾನು ಮಾಡಿದಾಗಲೆಲ್ಲ ಕತ್ತರಿಸುತ್ತೀಯ.

ಕುಮಾರೇಶ್


ಅವಲಪಲ್ಲಿ
೨೮ ಏಪ್ರಿಲ್ ೨೦೨೪

ಕುಮಾರ,

ಟ್ವೀಟರ್ ತಲುಪಿತು. ಕೂರಿಸಿಯೂ ಆಯಿತು. ಏನೂ ವ್ಯತ್ಯಾಸವಿಲ್ಲ. ನಿನ್ನ ಅಂಗಡಿಯವನು ನಿನಗೇ ನಕಲಿ ಮಾಲು ಕೊಟ್ಟಿದ್ದಾನೆ ಅಂತ ನನಗನ್ನಿಸುತ್ತದೆ. ಪೆಟ್ಟಿಗೆ ಚೆನ್ನಾಗಿದೆ, ಒಳಗಿನದು ಸತ್ತಿದೆ.

ಈಗ ಭಾನುವಾರವೆಲ್ಲ ಶೆಡ್ಡಿನಲ್ಲೇ ಕಳೆಯುತ್ತೇನೆ. ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿ ಒಂದೊಂದೇ ವೈರು ಬಿಚ್ಚಿ ಸೇರಿಸಿ ನೋಡುತ್ತೇನೆ. ಸದ್ದಿನಲ್ಲಿ ಎಲ್ಲೋ ಒಂದು ಕಡೆ ಸೋರಿಕೆ ಇದೆ. ಸಿಗುತ್ತಿಲ್ಲ. ಶಾಪಿನಲ್ಲಿ ಮೂವತ್ತು ವರ್ಷ ಯಂತ್ರ ನೋಡಿದವನು ನಾನು, ಇದೊಂದು ಸಣ್ಣ ಪೆಟ್ಟಿಗೆ ನನ್ನನ್ನು ಆಟ ಆಡಿಸುತ್ತಿದೆ.

ಶಾಂತಿಯ ಬಗ್ಗೆ ನೀನು ಬರೆದದ್ದು ನನಗೆ ಚುಚ್ಚಿತು. ನಾನೇನು ಮಾಡಿದೆ? ಹೋದ ವಾರ ಹಾಗೇ ಕಾರಿನೊಳಗೆ ತಲೆ ಇಟ್ಟುಕೊಂಡಿದ್ದಾಗ ಬಂದು ಹಿಂದೆ ನಿಂತಳು. ಏನೋ ಹೇಳಿದಳು. ಮನೆಯದೇನೋ ಸಾಮಾನು ಇರಬೇಕು. "ಹೂಂ, ನೋಡೋಣ" ಅಂದೆ. ಎದ್ದು ತಿರುಗುವಷ್ಟರಲ್ಲಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಅಷ್ಟಕ್ಕೇ ಅಷ್ಟು ಸಿಟ್ಟು. ಆಮೇಲೆ ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮುನಿರಾಜ್


ಮಸ್ಕತ್
೧೨ ಮೇ ೨೦೨೪

ಬಾವನಿಗೆ,

ಇಷ್ಟು ದಿನ ಸುಮ್ಮನಿದ್ದೆ. ಇನ್ನು ಆಗುವುದಿಲ್ಲ.

ಶಾಂತಿ ನನಗೆ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ನಿನಗೆ ಹೇಳಬಾರದು ಅಂತ ಮಾತು ತೆಗೆದುಕೊಂಡಿದ್ದಾಳೆ, ಆದರೂ ಬರೆಯುತ್ತಿದ್ದೇನೆ. ನೀನು ಅವಳ ಮಾತಿಗೆ ಉತ್ತರ ಕೊಡುವುದಿಲ್ಲವಂತೆ. ಕೂಗಿದರೆ ತಿರುಗುವುದಿಲ್ಲವಂತೆ. ಟಿವಿ ಜೋರು, ಕಾರಿನ ಸ್ಟೀರಿಯೋ ಜೋರು, ಅದರ ಮಧ್ಯೆ ಅವಳೊಬ್ಬಳು ಇದ್ದಾಳೆ ಅನ್ನುವುದೇ ನಿನಗೆ ನೆನಪಿಲ್ಲ. ಆವತ್ತು ಶೆಡ್ಡಿಗೆ ಬಂದು ಅವಳು ಹೇಳಿದ್ದು ಸಾಮಾನಿನ ವಿಷಯವಲ್ಲ. ಏನು ಅಂತ ನನಗೂ ಹೇಳಲಿಲ್ಲ. "ದೊಡ್ಡ ವಿಷ್ಯ ಅಣ್ಣಾ, ಧೈರ್ಯ ಮಾಡ್ಕೊಂಡು ಹೇಳ್ದೆ. ನೋಡೋಣ ಅಂದ್ಬುಟ್ರು" ಅಂತ ಅತ್ತಳು. ನನ್ನ ತಂಗಿ ಫೋನಿನಲ್ಲಿ ಅತ್ತದ್ದು ಅದೇ ಮೊದಲು.

ಆ ಕಾರಿಗೆ ಕೊಡುವ ಕಿವಿಯನ್ನು ಸ್ವಲ್ಪ ಹೆಂಡತಿಗೆ ಕೊಡು. ಇನ್ನು ಮೇಲೆ ನಾನು ಯಾವ ಸಾಮಾನನ್ನೂ ಕಳಿಸುವುದಿಲ್ಲ.

ನಕಲಿ ಮಾಲು ಅಂದೆಯಲ್ಲ, ಅದಕ್ಕೊಂದು ಉತ್ತರ. ಶಾಂತಿಯ ಆ ಹಾಡಿನಲ್ಲಿ ಎರಡನೇ ಚರಣಕ್ಕೆ ಮುಂಚೆ ವಾದ್ಯವೆಲ್ಲ ನಿಲ್ಲುತ್ತದೆ. ಅವಳು ಕೈಯಲ್ಲಿ ತಾಳ ಹಾಕುತ್ತಾಳೆ, ಗಾಜಿನ ಬಳೆಯ ಸದ್ದು ಸ್ಪಷ್ಟವಾಗಿ ಇದೆ. ಛಾವಣಿ ಮುಚ್ಚಿ, ಇಂಜಿನ್ ಆರಿಸಿ ಕೇಳು. ಬಳೆ ಕೇಳಿಸಿದರೆ ನನ್ನ ಟ್ವೀಟರ್ ಸರಿಯಾಗಿದೆ ಅಂತ ತಿಳಿ.

ಕುಮಾರೇಶ್


ಅವಲಪಲ್ಲಿ
೯ ಜೂನ್ ೨೦೨೪

ಕುಮಾರೇಶನಿಗೆ,

ನಿನ್ನ ಕಾಗದಕ್ಕೆ ಉತ್ತರ ಬರೆಯಬಾರದು ಅಂತಿದ್ದೆ. ಗಂಡ ಹೆಂಡಿರ ಮಧ್ಯದ ಮಾತು ಮಸ್ಕತ್‌ವರೆಗೆ ಹೋಗಿದೆ ಅಂತ ತಿಳಿದ ಮೇಲೆ ಈ ಮನೆಯಲ್ಲಿ ನನಗೆ ಬಾಯಿ ಬಿಡುವುದಕ್ಕೇ ಮನಸ್ಸಿಲ್ಲ.

ನೀನು ಹೇಳಿದ ಹಾಗೆ ಛಾವಣಿ ಮುಚ್ಚಿ, ಇಂಜಿನ್ ಆರಿಸಿ ಕೇಳಿದೆ. ಒಮ್ಮೆ ಅಲ್ಲ, ಎಷ್ಟೋ ಸಲ. ವಾದ್ಯ ನಿಂತ ಮೇಲೆ ಏನೂ ಇಲ್ಲ, ಖಾಲಿ. ಆಮೇಲೆ ಚರಣ ಶುರುವಾಗುತ್ತದೆ. ಬಳೆಯೂ ಇಲ್ಲ, ಏನೂ ಇಲ್ಲ. ಮುನೀಂದ್ರನನ್ನು ಕರೆದು ಪಕ್ಕದಲ್ಲಿ ಕೂರಿಸಿದೆ. ಅವನು, "ಬತ್ತಾ ಐತಲ್ಲಣ್ಣಾ, ಜಣಜಣ ಅಂತ" ಅಂದ. ನಿನ್ನ ಶಿಷ್ಯ, ನಿನ್ನ ಪರವಾಗಿಯೇ ಹೇಳುತ್ತಾನೆ. ನನಗೆ ಕೊಟ್ಟ ಕಾಪಿಯೇ ಸರಿಯಿಲ್ಲ ಅಂತ ಒಪ್ಪಿಕೊಂಡರೆ ನಿನಗೆ ಏನಾಗುತ್ತದೆ?

ಮುನಿರಾಜ್


ಮಸ್ಕತ್
೧೦ ಜೂನ್ ೨೦೨೪

ನನ್ನ ಬಾವ,

ಈ ಕಾಗದವನ್ನು ಕೂತು ಓದು. ದಾರಿಯಲ್ಲಿ ಓದಬೇಡ.

ನಿನ್ನ ಕಾಗದ ಬಂದಾಗ ಅಂಗಡಿಯಲ್ಲಿದ್ದೆ. ಕೂಡಲೇ ಆ ಹಾಡನ್ನು ಹಾಕಿದೆ. ನಿನಗೆ ಕೊಟ್ಟ ಕಾಪಿಯೇ ನನ್ನ ಹತ್ತಿರವೂ ಇರುವುದು. ಕೌಂಟರಿನ ಹುಡುಗನ ಅಗ್ಗದ ಫೋನಿನಲ್ಲಿ ಹಾಕಿದರೂ ಬಳೆ ಕೇಳಿಸಿತು. ಬಾವ, ಸ್ಟೀರಿಯೋ ಸರಿಯಾಗಿದೆ. ಮೊದಲಿನಿಂದಲೂ ಸರಿಯಾಗಿಯೇ ಇತ್ತು.

ನಿನಗೆ ಕಿವಿ ಕೇಳಿಸುತ್ತಿಲ್ಲ.

ಎಲ್ಲವೂ ಈಗ ಅರ್ಥವಾಗುತ್ತಿದೆ. ಫೋನಿನ ಲೈನು, ಫೋರ್ಕ್‌ಲಿಫ್ಟಿನ ಹಾರನ್, ಶಾಂತಿಯ ಬಾಯೊಳಗಿನ ಮಾತು. ಪ್ರೆಸ್ಸುಗಳ ನಡುವೆ ಮೂವತ್ತು ವರ್ಷ ಬರಿಯ ಕಿವಿಯಲ್ಲಿ ನಿಂತೆ. ಮೊದಲು ಹೋಗುವುದು ಚೂಪಾದ ಸದ್ದು, ಆಮೇಲೆ ಮಾತು. ದಿನವೂ ಸ್ಪೀಕರ್ ಜೊತೆ ಕೆಲಸ ಮಾಡುವ ನನಗೆ ಜನವರಿಯಲ್ಲೇ ಹೊಳೆಯಬೇಕಿತ್ತು. ನೀನು ಮುನಿಸಿಕೊಂಡಿದ್ದೀಯ ಅಂತ ತಿಳಿದೆ.

ಇನ್ನೊಂದು ವಿಷಯ. ಆಗಲೇ ಶಾಂತಿಗೆ ಫೋನ್ ಮಾಡಿ, "ಬಾವನಿಗೆ ಕಿವಿ ಕೇಳಲ್ಲ ಕಣಮ್ಮ, ನಿನ್ ಮಾತು ಅವನಿಗೆ ಕೇಳಿಸೇ ಇಲ್ಲ. ಆವತ್ತು ಏನ್ ಹೇಳಿದ್ದೆ?" ಅಂತ ಕೇಳಿದೆ. ಆಗ ಬಾಯಿ ಬಿಟ್ಟಳು. ಅವಳ ಎದೆಯಲ್ಲಿ ಗಂಟು ಇದೆ ಬಾವ. ಲೇಡಿ ಡಾಕ್ಟರು ನೋಡಿ, ತಡ ಮಾಡದೆ ಮನೆಯವರನ್ನು ಕರೆದುಕೊಂಡು ಬನ್ನಿ, ಬೆಂಗಳೂರಿನ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತೇನೆ ಅಂದಿದ್ದರು. ಅದನ್ನೇ ಅವಳು ಶೆಡ್ಡಿನಲ್ಲಿ ನಿನಗೆ ಹೇಳಿದ್ದು. ಆಮೇಲೆ ಅವಳು ಯಾವ ಡಾಕ್ಟರ ಹತ್ತಿರವೂ ಹೋಗಿಲ್ಲ.

ನಿನಗೆ ಹೇಳಬೇಡ ಅಂತ ಮತ್ತೆ ಆಣೆ ಹಾಕಿಸಿದಳು. ಆಣೆ ಇರಲಿ. ಈಗಲೇ ಮನೆಗೆ ಹೋಗು.

ಕುಮಾರ


ಅವಲಪಲ್ಲಿ
೧ ಸೆಪ್ಟೆಂಬರ್ ೨೦೨೪

ಕುಮಾರ,

ಇಷ್ಟು ದಿನ ಶ್ಯಾಮಲಾಳೇ ನಿನಗೆ ಸುದ್ದಿ ಹೇಳುತ್ತಿದ್ದಳು. ನನಗೆ ಪೆನ್ನು ಹಿಡಿಯಲು ಆಗಲಿಲ್ಲ.

ನಿನ್ನ ಕಾಗದವನ್ನು ಶಾಪಿನ ಗೇಟಿನ ಮುಂದೆ, ಕಾರಿನಲ್ಲೇ ಕೂತು ಓದಿದೆ. ಮನೆಗೆ ಬಂದಾಗ ಶಾಂತಿ ಅಕ್ಕಿ ತೊಳೆಯುತ್ತಿದ್ದಳು. ಫೋನನ್ನು ಅವಳ ಮುಂದೆ ಹಿಡಿದೆ. ಓದಿದಳು. ಒಲೆ ಆರಿಸಿದಳು. ಸೆರಗಿಗೆ ಕೈ ಒರೆಸಿಕೊಂಡು ನನ್ನ ಮುಂದೆ, ಮುಖ ಕಾಣುವ ಹಾಗೆ ನಿಂತು, "ಬೆಂಗ್ಳೂರಿಗೆ ಯಾವಾಗ ಹೋಗಾಣ?" ಅಂದಳು. ಅಷ್ಟೇ.

ಮಾರನೇ ದಿನವೇ ಹೋದೆವು. ಗಂಟು ತೆಗೆದರು, ಎದೆಯನ್ನೂ ತೆಗೆದರು. ಅಷ್ಟರೊಳಗೆ ಅದು ಕಂಕುಳಿಗೆ ಇಳಿದಿತ್ತು. ಡಾಕ್ಟರು ಫೈಲು ತಿರುವಿ ಹಾಕುತ್ತ, "ಏಪ್ರಿಲಲ್ಲೇ ಗೊತ್ತಿತ್ತಲ್ಲ, ಯಾಕೆ ಇಷ್ಟು ತಡ?" ಅಂದರು. ಅದು ಮಾತ್ರ ನನಗೆ ಪೂರ್ತಿ ಕೇಳಿಸಿತು. ಶಾಂತಿ, "ನಾನೇ ಭಯ ಬಿದ್ದು ಸುಮ್ನಿದ್ದೆ ಸಾರ್" ಅಂದಳು.

ನನ್ನ ಕಿವಿಯನ್ನೂ ಅವಳೇ ತೋರಿಸಿದಳು. ಕೀಮೋ ಔಷಧ ಇಳಿಸುವ ದಿನಗಳ ನಡುವೆ, ತಲೆಗೆ ಬಟ್ಟೆ ಕಟ್ಟಿಕೊಂಡು ನನ್ನನ್ನು ಕೃಷ್ಣಗಿರಿಗೆ ಕರೆದುಕೊಂಡು ಹೋದಳು. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕೈಗೆ ಗುಂಡಿ ಕೊಟ್ಟು, ಸದ್ದು ಕೇಳಿದಾಗಲೆಲ್ಲ ಒತ್ತಿ ಅಂದರು. ಮೊದಮೊದಲು ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಬಾಗಿಲು ತೆಗೆದು, "ಮುಂದಿಂದು ಯಾವಾಗ ಹಾಕ್ತೀರಮ್ಮಾ?" ಅಂತ ಕೇಳಿದೆ. ಆ ಹುಡುಗಿ ಶಾಂತಿಯ ಮುಖ ನೋಡಿದಳು. "ಮುಗೀತು ಸಾರ್" ಅಂದಳು.

ಎರಡೂ ಕಿವಿಗೆ ಮೆಷೀನು ಬಂದಿದೆ. ಹಾಕಿಕೊಂಡ ದಿನ ಸಂಜೆ ಬಚ್ಚಲ ಮನೆಯಲ್ಲಿ ನಲ್ಲಿ ಸದ್ದು ಕೇಳಿಸಿತು. ನಲ್ಲಿಯ ಹಿಂದೆ ಅವಳು ಅಳುವುದೂ ಕೇಳಿಸಿತು. ಹೊರಗೆ ಬಂದು ನನ್ನನ್ನೂ ಮೆಷೀನನ್ನೂ ನೋಡಿ, "ಓ, ಮರ್ತೇಹೋಗಿತ್ತು" ಅಂದಳು. ಎಷ್ಟು ದಿನದಿಂದ ಹೀಗೆ ಅಂತ ಕೇಳುವುದಕ್ಕೆ ಧೈರ್ಯ ಬರಲಿಲ್ಲ ಕುಮಾರ.

ಒಂದು ಮಾತು ಕೇಳುತ್ತೇನೆ, ನಿಜ ಹೇಳು. ಮೊನ್ನೆ ಅವಳ ಕಾಲು ಹಿಡಿದು ಅತ್ತೆ. ಆಗ ಅವಳು, "ನಿಮ್ಗೆ ಕೇಳಾಕಿಲ್ಲ ಅಂತ ನಂಗೆ ಆಗ್ಲೇ ಗೊತ್ತಿತ್ತು. ಶ್ಯಾಮಲಾ ಪರೀಕ್ಷೆ ಮುಗೀಲಿ ಅಂತ, ಕೇಳಿಸ್ದೇ ಇರಂಗೇ ಹೇಳ್ದೆ. ಹೇಳ್ದಂಗೂ ಆಯ್ತು, ನಿಮ್ಗೆ ಸಂಕ್ಟ ಆಗ್ದಂಗೂ ಆಯ್ತು" ಅಂದಳು. ಇದು ನಿಜವೇ? ನಿಜವಾದರೆ, ನೋಡೋಣ ಅಂದ್ಬುಟ್ರು ಅಂತ ನಿನ್ನ ಹತ್ತಿರ ಯಾಕೆ ಅತ್ತಳು? ನನ್ನ ಮೇಲಿನ ಕನಿಕರಕ್ಕೆ ಈಗ ಕಟ್ಟಿ ಹೇಳುತ್ತಿದ್ದಾಳೆಯೇ? ನೀನು ಕೇಳಿದರೆ ಹೇಳಿಯಾಳು.

ಮುನಿರಾಜ್


ಮಸ್ಕತ್
೪ ಸೆಪ್ಟೆಂಬರ್ ೨೦೨೪

ಬಾವ,

ನಾನು ಕೇಳುವುದಿಲ್ಲ. ನೀನೂ ಇನ್ನೊಮ್ಮೆ ಕೇಳಬೇಡ. ಆ ಮಾತನ್ನು ಅವಳು ಕೊಟ್ಟಿದ್ದಾಳೆ, ಇಟ್ಟುಕೋ.

ಡಿಸೆಂಬರಿನಲ್ಲಿ ರಜೆ ಸಿಗುತ್ತದೆ. ಈ ಸಲ ಕೊಡದಿದ್ದರೆ ಕೆಲಸ ಬಿಟ್ಟು ಬರುತ್ತೇನೆ.

ಕುಮಾರ


ಅವಲಪಲ್ಲಿ
೧೭ ನವೆಂಬರ್ ೨೦೨೪

ಕುಮಾರ,

ಡಿಸೆಂಬರ್‌ವರೆಗೆ ಕಾಯಬೇಡ. ಈ ವಾರವೇ ಹೊರಡು. ಅದು ಈಗ ಲಿವರಿಗೂ ಇಳಿದಿದೆ. ಇನ್ನು ಔಷಧ ಬೇಡ, ಮನೆಯಲ್ಲಿ ನೋವು ಕಾಣದ ಹಾಗೆ ನೋಡಿಕೊಳ್ಳಿ ಅಂದರು. ಶ್ಯಾಮಲಾ ಕಾಲೇಜಿಗೆ ರಜೆ ಹಾಕಿ ಬಂದಿದ್ದಾಳೆ. ಶಾಂತಿಗೆ ಎಲ್ಲವೂ ಗೊತ್ತು. ನಾವು ಯಾರೂ ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಎದ್ದವಳೇ, "ಉದ್ದನಪಲ್ಲಿ ಕಡೆ ಹೋಗ್ಬರಾಣ, ಕಾರ್ ತೆಗೀರಿ" ಅಂದಳು. ಎತ್ತಿ ಕೂರಿಸಿದೆ. ಮಗುವಿನಷ್ಟು ಹಗುರವಾಗಿದ್ದಾಳೆ. ಸ್ಟೀರಿಯೋ ಹಾಕಲಿಲ್ಲ. ಛಾವಣಿ ತೆಗೆಯಲೇಬೇಕು ಅಂತ ಹಟ ಮಾಡಿದಳು. ರಾಯಕೋಟೆ ರಸ್ತೆಗೆ ಬಂದು ಸ್ವಲ್ಪ ವೇಗ ಹಿಡಿದದ್ದೇ ತಡ, ಮೆಷೀನಿನೊಳಗೆ ಗಾಳಿ ನುಗ್ಗಿ ಬರೀ ಭೋರ್ ಅನ್ನುವ ಸದ್ದು. ಅವಳು ಏನೋ ಹೇಳುತ್ತಿದ್ದಳು, ತುಟಿ ಆಡುವುದು ಕಾಣುತ್ತಿತ್ತು. ನನಗೆ ಗಾಬರಿಯಾಯಿತು. ಟೊಮೆಟೊ ತೋಟದ ಪಕ್ಕ ಕಾರು ನಿಲ್ಲಿಸಿ, ಇಂಜಿನ್ ಆರಿಸಿ, ಛಾವಣಿ ಮುಚ್ಚಿ, "ಈಗ್ ಹೇಳು, ಏನಂದೆ?" ಅಂತ ಕೇಳಿದೆ.

"ಗಾಳಿ ಚೆನ್ನಾಗೈತೆ ಅಂದೆ" ಅಂದಳು. "ಮುಚ್ಚಿದ್ ಯಾಕೆ? ತೆಗೀರಿ."

ತೆಗೆದೆ. ಮತ್ತೆ ಹೊರಟೆವು. ಅವಳು ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದಳು, ಕಣ್ಣು ಮುಚ್ಚಿಕೊಂಡು, ಮುಖವನ್ನು ಗಾಳಿಗೆ ಕೊಟ್ಟು. ನನಗೆ ಕೇಳಿಸದು ಅಂತ ಅವಳಿಗೆ ಗೊತ್ತಿತ್ತು. ಊರು ಬಂದಲ್ಲೆಲ್ಲ ರಸ್ತೆಗೆ ಹಂಪ್ ಹಾಕಿದ್ದಾರೆ. ಅಲ್ಲಿ ನಿಧಾನ ಮಾಡಿದಾಗ ಗಾಳಿ ನಿಂತು ಒಂದೊಂದು ತುಂಡು ಮಾತು ಕಿವಿಗೆ ಬೀಳುತ್ತಿತ್ತು. ಒಂದು ಕಡೆ, "...ಅವ್ಳ ಮದ್ವೇಗೆ ಆ ಹಸ್ರು ಸೀರೆ." ಇನ್ನೊಂದು ಕಡೆ, "...ಅಣ್ಣ ಬತ್ತಾನೆ, ಬೈಬ್ಯಾಡಿ." ಮತ್ತೊಂದು ಕಡೆ, "...ಒಬ್ರೇ ಇದ್ದಾಗ ಅದ್ನ ಕಿವೀಗ್ ಹಾಕ್ಕೊಳಿ, ತೆಗೆದಿಡ್ಬ್ಯಾಡಿ."

ಉದ್ದನಪಲ್ಲಿ ದಾಟಿದ ಮೇಲೆ ಹಂಪ್ ಇರಲಿಲ್ಲ. ಹಂಪ್ ಇಲ್ಲದ ಕಡೆಯೂ ನಾನು ನಿಧಾನ ಮಾಡುತ್ತ ಹೋದೆ. ಹಿಂದೆ ಲಾರಿಯವನು ಹಾರನ್ ಹೊಡೆದೇ ಹೊಡೆಯುತ್ತಿದ್ದನಂತೆ. ಮನೆಗೆ ಬಂದ ಮೇಲೆ ಶಾಂತಿ ಹೇಳಿದಳು.

ಮುನಿರಾಜ್